ಸೊಪ್ಪಿನ ಸೀಮೆಯಲ್ಲಿ ಸಸ್ಯಾಹಾರದ ಹುಡುಕಾಟ

ಹೊಸಕೋಟೆ ಎಂದೊಡನೆ ಇಂದು ಬೆಂಗಳೂರಿಗರ ನೆನಪಿಗೆ ಬರುವುದು ದಮ್ ಬಿರಿಯಾನಿ. ವಾರಾಂತ್ಯದಲ್ಲಿ ನಸುಕಿಗೇ ರಾಜಧಾನಿಯಿಂದ ಬಂದು ಸಾಲುಗಟ್ಟಿ ನಿಲ್ಲುವ ಜನ ಪಟ್ಟಣದ ಎಷ್ಟೋ ಕುಟುಂಬಗಳಿಗೆ ಜೀವನೋಪಾಯ ಒದಗಿಸಿದ್ದಾರೆ. ಇದಕ್ಕೆ ಯಾರೂ ಮೂಗು ಮುರಿಯಬೇಕಾಗಿಲ್ಲ. ಆದರೆ ಕೋಲಾರ, ಮುಳಬಾಗಿಲು ಮಾರ್ಗವಾಗಿ ತಿರುಪತಿಗೆ ಹೊರಟ ಹರಕೆಯವರೂ, ಚಳಿಗಾಲದಲ್ಲಿ ಮೇಲ್ಮರುವತ್ತೂರಿನ ಓಂಶಕ್ತಿ ಸನ್ನಿಧಿಗೆ ಹೋಗುವ ಮಾಲೆ ಧರಿಸಿದ ಮಹಿಳೆಯರೂ ಇದೇ ದಾರಿಯಲ್ಲಿ ಸಾಗುತ್ತಾರೆ. ಇವರೆಲ್ಲರಿಗೂ ಹೊತ್ತಿಗೆ ಸರಿಯಾಗಿ, ಸಂಶಯವಿಲ್ಲದೆ ಉಣ್ಣಬಹುದಾದ ಸಸ್ಯಾಹಾರ ಬೇಕು.

ಹೆದ್ದಾರಿಯ ಬದಿಯಲ್ಲಿ ಅದಕ್ಕೆ ಬರವಿಲ್ಲ. ಕಾರಿನಲ್ಲಿ ಬರುವ ಕುಟುಂಬಗಳನ್ನೇ ನೆಚ್ಚಿಕೊಂಡ ದೊಡ್ಡ ಸಸ್ಯಾಹಾರಿ ಹೋಟೆಲುಗಳು ಅಲ್ಲಿವೆ. ತೊಡಕು ಎದುರಾಗುವುದು ಹೆದ್ದಾರಿ ಬಿಟ್ಟು ಒಳರಸ್ತೆಗೆ ಹೊರಳಿದಾಗ, ಅಥವಾ ಜೇಬಿನಲ್ಲಿ ಹೆಚ್ಚು ಹಣವಿಲ್ಲದಾಗ. ಹೋಬಳಿ ಕೇಂದ್ರಗಳ ಪುಟ್ಟ ಹೋಟೆಲುಗಳಲ್ಲಿ ಇಡ್ಲಿ, ಚಿತ್ರಾನ್ನ ಬೆಳಗಿನ ಹತ್ತು ಗಂಟೆಗೆಲ್ಲ ಮುಗಿದಿರುತ್ತವೆ. ಆ ಬಳಿಕ ಉಳಿಯುವುದು ಬೇಕರಿಯ ಬನ್ನು, ಬಾಳೆಹಣ್ಣು ಮತ್ತು ಚಹಾ. ಲಾರಿಯ ಕ್ಲೀನರ್, ಗದ್ದೆ–ತೋಟ ಸುತ್ತುವ ಸರ್ಕಾರಿ ನೌಕರ, ಔಷಧ ಕಂಪನಿಯ ಮಾರಾಟ ಪ್ರತಿನಿಧಿ ಇಂಥವರು ಅಷ್ಟರಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಕು.

ಇದು ಕೆಲವೇ ಜಾತಿಗಳ ಮಡಿವಂತಿಕೆಯ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. 2014ರ ಮಾದರಿ ನೋಂದಣಿ ವ್ಯವಸ್ಥೆಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹದಿನೈದು ವರ್ಷ ದಾಟಿದವರ ಪೈಕಿ ಸಸ್ಯಾಹಾರಿಗಳು ಶೇ 21ರಷ್ಟು ಮಾತ್ರ. ಆದರೆ ಉಳಿದವರೂ ದಿನಂಪ್ರತಿ ಮಾಂಸ ತಿನ್ನುವವರಲ್ಲ. ಸೋಮವಾರ, ಶನಿವಾರ, ಏಕಾದಶಿ, ಶ್ರಾವಣ ಮಾಸ, ಮನೆದೇವರ ಹರಕೆ ಎಂದು ನೇಮ ಹಿಡಿಯುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ವೈದ್ಯರ ಸಲಹೆಯಂತೆ ಪಥ್ಯ ಮಾಡುವವರೂ ಇದ್ದಾರೆ.

ವಿಪರ್ಯಾಸವೆಂದರೆ, ಈ ಸೀಮೆಯೇ ತರಕಾರಿಯ ತವರು. ಹೊಸಕೋಟೆ, ಮಾಲೂರು, ಕೋಲಾರದ ಹೊಲಗಳಿಂದ ಸೊಪ್ಪು, ಟೊಮೆಟೊ, ಹುರುಳಿಕಾಯಿ ನಿತ್ಯ ಬೆಂಗಳೂರು ಸೇರುತ್ತವೆ. ಚಳಿಗಾಲದಲ್ಲಿ ಅವರೆಕಾಯಿಯ ಸೊಗಡು ಸಂತೆಗಳನ್ನು ತುಂಬುತ್ತದೆ. ಮಸ್ಸೊಪ್ಪು, ಬಸ್ಸಾರು, ಉಪ್ಪುಸಾರು, ಹುರುಳಿ ಕಟ್ಟಿನ ಸಾರಿನೊಡನೆ ರಾಗಿಮುದ್ದೆ ಉಣ್ಣುವ ಹಳ್ಳಿಯ ಮನೆಗಳಲ್ಲಿ ಮಾಂಸದಡುಗೆ ಹಿಂದಿನಿಂದಲೂ ಭಾನುವಾರಕ್ಕೆ, ಹಬ್ಬ–ಹೊಸತೊಡಕಿಗೆ ಮೀಸಲು. ಅಂದರೆ ಕೊರತೆ ಇರುವುದು ಸಸ್ಯಾಹಾರಕ್ಕಲ್ಲ. ಮನೆಯ ಒಲೆಯ ಮೇಲಿರುವುದು ರಸ್ತೆಬದಿಯ ಎಲೆಗೆ ಬರುತ್ತಿಲ್ಲ. ಮುದ್ದೆ–ಸೊಪ್ಪುಸಾರು ಹೋಟೆಲಿನಲ್ಲಿ ಮಾರುವ ಪದಾರ್ಥವಲ್ಲವೆಂಬ ಕೀಳರಿಮೆ ಇದಕ್ಕೆ ಒಂದು ಕಾರಣ. ಅದೇ ಊಟಕ್ಕೆ ನಗರದ ಹೋಟೆಲುಗಳಲ್ಲಿ ಜನ ಹಣ ತೆತ್ತು ಕಾಯುತ್ತಿರುವುದನ್ನು ಕಂಡಾದರೂ ಈ ಭಾವನೆ ತೊಲಗಬೇಕು.

ಇನ್ನೊಂದು ಸಮಸ್ಯೆ ಮಾಹಿತಿಯದು. ಬಿರಿಯಾನಿಯಿಂದ ತುಂಡುಗಳನ್ನು ಬಿಟ್ಟು ಬಡಿಸುವ ಅನ್ನಕ್ಕೆ ಕುಷ್ಕ ಎನ್ನುತ್ತಾರೆ. ಮಾಂಸದ ರಸದಲ್ಲೇ ಬೆಂದ ಈ ಅನ್ನವನ್ನು ತಿಳಿಯದವರು ಸಸ್ಯಾಹಾರವೆಂದೇ ಭಾವಿಸುವುದುಂಟು. ಗೋಬಿ ಮಂಚೂರಿ ಮತ್ತು ಕೋಳಿ ಕಬಾಬು ಒಂದೇ ಬಾಣಲೆಯ ಎಣ್ಣೆಯಲ್ಲಿ ಕರಿಯಲ್ಪಡುವುದೂ ಅಪರೂಪವಲ್ಲ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಕಡ್ಡಾಯವಾಗಿದೆ. ಸಸ್ಯಾಹಾರ–ಮಾಂಸಾಹಾರದ ಗುರುತುಗಳು 2001–02ರಲ್ಲೇ ಜಾರಿಗೆ ಬಂದವು. ತಟ್ಟೆಗೆ ಬಡಿಸುವ ಊಟಕ್ಕೆ ಮಾತ್ರ ಅಂಥ ಯಾವ ಗುರುತೂ ಕಾಣುವುದಿಲ್ಲ. ಎರಡೂ ಬಗೆಯ ಪದಾರ್ಥಗಳನ್ನು ಬೇರೆಬೇರೆಯಾಗಿ ಇಡಬೇಕೆಂಬ ಸೂಚನೆ 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಇದೆಯಾದರೂ ಹಳ್ಳಿಯ ಅಂಗಡಿಗಳಲ್ಲಿ ಅದನ್ನು ಕೇಳುವವರಿಲ್ಲ.

ಹಿಂದೆ ಫಲಕಗಳೇ ಈ ಕೆಲಸ ಮಾಡುತ್ತಿದ್ದವು. ಹಳೆಯ ಮೈಸೂರು ಸೀಮೆಯಲ್ಲಿ ‘ಮಿಲಿಟರಿ ಹೋಟೆಲ್’ ಎಂದರೆ ಮಾಂಸಾಹಾರ, ಉತ್ತರ ಕರ್ನಾಟಕದಲ್ಲಿ ‘ಲಿಂಗಾಯತ ಖಾನಾವಳಿ’ ಎಂದರೆ ಸಸ್ಯಾಹಾರ ಎಂಬುದು ದಾರಿಹೋಕನಿಗೂ ಗೊತ್ತಿತ್ತು. ಆದರೆ ಅಂದಿನ ಕೆಲವು ಫಲಕಗಳು ಆಹಾರದ ಜತೆಗೆ ಜಾತಿಯನ್ನೂ ಸಾರುತ್ತಿದ್ದವು. ಪಂಕ್ತಿಭೇದಕ್ಕೂ ಅವು ನೆಪವಾದವು. ಆ ಕಾಲ ಮರಳಬಾರದು. ಸಸ್ಯಾಹಾರಿಗೆ ಸೌಕರ್ಯ ಎಂಬ ಹೆಸರಿನಲ್ಲಿ ಮತ್ತೊಬ್ಬರ ಅಂಗಡಿಯ ಬಾಗಿಲು ಹಾಕಿಸುವುದೂ ಸಲ್ಲದು. ತಿನ್ನುವವನಿಗೆ ಬೇಕಿರುವುದು ಪಾತ್ರೆಯಲ್ಲಿ ಏನಿದೆ ಎಂಬ ನಿಜ; ಸೌಟು ಹಿಡಿದವರ ಕುಲವಲ್ಲ.

ಹೊಸಕೋಟೆಯಿಂದಲೇ ಆರಂಭವಾಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ ಹೆದ್ದಾರಿಯಿಂದಾಗಿ ಈ ಪ್ರಶ್ನೆಗೆ ಹೊಸ ಮುಖ ಬಂದಿದೆ. ರಾಜ್ಯದೊಳಗಿನ ಸುಮಾರು 71 ಕಿ.ಮೀ. ಭಾಗದಲ್ಲಿ 2024ರ ಕೊನೆಯಿಂದ ವಾಹನಗಳು ಓಡುತ್ತಿವೆ. ನಿಗದಿತ ಸ್ಥಳಗಳಲ್ಲಷ್ಟೇ ಒಳಬಂದು ಹೊರಹೋಗಬಹುದಾದ ಇಂಥ ರಸ್ತೆಯ ಬದಿಯಲ್ಲಿ ಹಳ್ಳಿಗರು ತಮ್ಮಷ್ಟಕ್ಕೆ ಹೋಟೆಲು ತೆರೆಯಲಾಗದು. ಪ್ರಯಾಣಿಕ ಏನು ಉಣ್ಣಬೇಕೆಂಬುದು ವಿಶ್ರಾಂತಿ ತಾಣದ ಗುತ್ತಿಗೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಜಮೀನು ಕೊಟ್ಟ ರೈತರ ಊರಿನ ಅಡುಗೆಗೆ ಅಲ್ಲೊಂದು ಮಳಿಗೆಯೂ ಇಲ್ಲವಾದರೆ ಅದು ಅನ್ಯಾಯ.

ಪರಿಹಾರ ಕಷ್ಟದ್ದೇನಲ್ಲ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಮಹಿಳೆಯರು ಹೋಟೆಲುಗಳನ್ನು ನಡೆಸಿ ತೋರಿಸಿದ್ದಾರೆ. ನಮ್ಮಲ್ಲೂ ಸ್ವಸಹಾಯ ಸಂಘಗಳ ‘ಅಕ್ಕ ಕೆಫೆ’ 2024ರಲ್ಲಿ ಆರಂಭಗೊಂಡಿದೆ. ಇಂಥ ಮಳಿಗೆಗಳು ಹೋಬಳಿ ಕೇಂದ್ರಗಳಿಗೂ ಹೆದ್ದಾರಿಯ ತಂಗುದಾಣಗಳಿಗೂ ವಿಸ್ತರಿಸಬೇಕು. ಗ್ರಾಮ ಪಂಚಾಯಿತಿಗಳು ಕಡಿಮೆ ಬಾಡಿಗೆಗೆ ಕಟ್ಟಡ ಒದಗಿಸಬೇಕು. ಸಸ್ಯಾಹಾರ, ಮಾಂಸಾಹಾರ ಎರಡನ್ನೂ ಮಾರುವ ಹೋಟೆಲುಗಳು ಬೇರೆ ಪಾತ್ರೆ, ಬೇರೆ ಎಣ್ಣೆ ಬಳಸುತ್ತವೆಯೇ ಇಲ್ಲವೇ ಎಂಬುದನ್ನು ಕನ್ನಡದಲ್ಲಿ ಬರೆದು ತೂಗುಹಾಕುವಂತೆ ಆಹಾರ ಸುರಕ್ಷತಾ ಅಧಿಕಾರಿಗಳು ನೋಡಿಕೊಳ್ಳಬೇಕು. ದಂಡಕ್ಕಿಂತ ಮೊದಲು ತಿಳಿವಳಿಕೆ ನೀಡುವುದು ಒಳ್ಳೆಯದು. ಪುಟ್ಟ ಅಂಗಡಿಯವರಿಗೆ ಇದು ಹೊಸ ಕಿರುಕುಳವಾಗಬಾರದು. ಬಿರಿಯಾನಿಗೆ ಹೆಸರಾದ ಊರು ಮುದ್ದೆ–ಸೊಪ್ಪುಸಾರಿಗೂ ಹೆಸರಾದರೆ ನಷ್ಟ ಯಾರಿಗೂ ಇಲ್ಲ.