ಸಿಂಪ್ಯೂಟರ್ ಸೋತದ್ದು ಬುದ್ಧಿ ಕಮ್ಮಿಯಾಗಿ ಅಲ್ಲ!

ನಮ್ಮ ಹುಡುಗರಿಗೆ ಯಂತ್ರ ಮಾಡಲು ಬರುವುದಿಲ್ಲ, ಯಾರೋ ಮಾಡಿದ ಯಂತ್ರಕ್ಕೆ ಪ್ರೋಗ್ರಾಂ ಬರೆಯಲಷ್ಟೇ ಲಾಯಕ್ಕು ಎಂದು ಮೂಗು ಮುರಿಯುವವರು ಬೆಂಗಳೂರಿನಲ್ಲೇ ಬೇಕಾದಷ್ಟಿದ್ದಾರೆ. ಅಂಥವರ ಮುಖಕ್ಕೆ ಸಿಂಪ್ಯೂಟರ್ ಹಿಡಿಯಬೇಕು.

2001ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಬೆಂಗಳೂರಿನ ಕಂಪನಿಯವರೂ ಸೇರಿ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಮಾಡಿ ತೋರಿಸಿದರು. ಮುಟ್ಟಿದರೆ ಕೆಲಸ ಮಾಡುವ ಪರದೆ, ಒಳಗೆ ಲಿನಕ್ಸ್, ಸ್ಮಾರ್ಟ್ ಕಾರ್ಡಿಗೆ ಒಂದು ಕಿಂಡಿ. ಅಕ್ಷರ ಬಾರದವರಿಗೆ ಕನ್ನಡದಲ್ಲೇ ಓದಿ ಹೇಳುವ ವ್ಯವಸ್ಥೆ! ಐಫೋನ್ ಬಂದದ್ದು 2007ರಲ್ಲಿ, ಗೆಳೆಯರೇ. 2004ರಲ್ಲಿ ಪಿಕೋಪೆಟಾ ಎಂಬ ಪುಟ್ಟ ಕಂಪನಿ ಇದನ್ನು 'ಅಮಿಡಾ' ಹೆಸರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ತಯಾರಿಸಿಕೊಟ್ಟದ್ದು ಬಿಇಎಲ್. ಅಗ್ಗದ ಮಾದರಿಗೇ ಸುಮಾರು 10,000 ರೂಪಾಯಿ. ಮಾರಾಟವಾದದ್ದು ಕೆಲವೇ ಸಾವಿರ.

ಬುದ್ಧಿ ಕಮ್ಮಿಯಿತ್ತೇ? ಇಲ್ಲ ಸ್ವಾಮಿ, ಸಂಖ್ಯೆ ಕಮ್ಮಿಯಿತ್ತು.

ಪ್ರೆಸ್ ನಡೆಸುವವನಿಗೆ ಇದು ಬೇಗ ಅರ್ಥವಾಗುತ್ತದೆ. ಐವತ್ತೇ ಲಗ್ನಪತ್ರಿಕೆ ಸಾಕೆಂದು ಬಂದವರು ರೇಟು ಕೇಳಿ ಬೆಚ್ಚಿಬೀಳುತ್ತಾರೆ. ಐವತ್ತಕ್ಕೂ ಅದೇ ಪ್ಲೇಟು, ಐದು ಸಾವಿರಕ್ಕೂ ಅದೇ ಪ್ಲೇಟು. ಬಣ್ಣ ಹೊಂದಿಸಿ ಮೊದಲ ಒಳ್ಳೆಯ ಹಾಳೆ ಹೊರಬರುವಷ್ಟರಲ್ಲಿ ಹಾಳಾಗುವ ಕಾಗದವೂ ಅಷ್ಟೇ. ಹಾರ್ಡ್‌ವೇರಿನಲ್ಲಿ ಆ ಪ್ಲೇಟಿನ ಜಾಗದಲ್ಲಿ ಕೂತಿರುವುದು ಪ್ಲಾಸ್ಟಿಕ್ ಡಬ್ಬಿಯ ಮೋಲ್ಡು. ಪೀಣ್ಯದಲ್ಲಿ ಮಾಡಿಸಿದರೂ ಲಕ್ಷಗಳ ಮಾತು. ಬಿಐಎಸ್ ನೋಂದಣಿ ಬೇಕಾದ ವಸ್ತುವಾದರೆ ಲ್ಯಾಬ್ ಪರೀಕ್ಷೆಯ ಖರ್ಚು ಬೇರೆ. ಚಿಪ್ಪನ್ನು ರೀಲುಗಟ್ಟಲೆ ಕೊಂಡರೆ ಒಂದು ಬೆಲೆ, ಎಸ್.ಪಿ. ರೋಡಿನಲ್ಲಿ ಹತ್ತೇ ಹತ್ತು ಕೊಂಡರೆ ಇನ್ನೊಂದು. ಆರ್ಡರ್ ಹೆಚ್ಚಿದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿಯದೆ ಆರ್ಡರ್ ಬರುವುದಿಲ್ಲ. ಸಿಂಪ್ಯೂಟರ್ ಈ ಗಾಣಕ್ಕೇ ಸಿಕ್ಕಿ ಸುತ್ತಿತು. ಬಿಡಿಸಬಹುದಾಗಿದ್ದವರು ಸರ್ಕಾರದವರು. ಕರ್ನಾಟಕದಲ್ಲಿ ಭೂದಾಖಲೆ ಕೆಲಸಕ್ಕೆ ಒಂದಿಷ್ಟು ಬಳಸಿದರು, ನಿಜ. ಶಾಲೆ, ಪಂಚಾಯಿತಿ, ಆಸ್ಪತ್ರೆಗೆಂದು ಒಂದೇ ಏಟಿಗೆ ಲಕ್ಷ ಕೊಂಡಿದ್ದರೆ? ಹೊಗಳಿಕೆ ಬಂದಷ್ಟು ಆರ್ಡರ್ ಬರಲಿಲ್ಲ.

ಆದ್ದರಿಂದ ಮೊಬೈಲ್ ಕಂಪನಿಗಳ ಜೊತೆ ಕುಸ್ತಿಗೆ ಇಳಿಯಬೇಡಿ. ರೇಷ್ಮೆಹುಳು ಸಾಕುವ ಮನೆಯ ಶಾಖ ಅಳೆಯುವ ಪೆಟ್ಟಿಗೆ, ಕರೆಂಟು ಬಂದ ಕೂಡಲೇ ಬೋರ್‌ವೆಲ್ ಮೋಟಾರು ಶುರುಮಾಡುವ ಸಾಧನ, ನನ್ನಂಥವರ ಹಳೇ ಮೆಷಿನ್ನಿಗೆ ಹಾಳೆ ಎಣಿಸುವ ಮೀಟರು. ಐನೂರು ಜನಕ್ಕೆ ನಿಜವಾಗಿ ಬೇಕಾದ ವಸ್ತು ಹಿಡಿಯಿರಿ. ಮೋಲ್ಡಿನ ಗೊಡವೆಯೇ ಬೇಡ, ಮೊದಲ ಐನೂರು ತಗಡಿನ ಡಬ್ಬಿಯಲ್ಲೇ ಹೋಗಲಿ. ರಿಪೇರಿಗೆ ವಾಪಸ್ ಬರುವುದನ್ನೂ ಬೆಲೆಯಲ್ಲಿ ಸೇರಿಸಿ. ನಷ್ಟಕ್ಕೆ ಮಾರಿ ಹೆಸರು ಮಾಡುತ್ತೇನೆ ಎನ್ನುವವನು ಹೆಸರನ್ನೂ ಉಳಿಸಿಕೊಳ್ಳುವುದಿಲ್ಲ.

ಇಷ್ಟು ಮಾಡಿದರೂ ಮುಳುಗಿಸುವುದು ಒಂದಿದೆ: ಬಾಕಿ. ಬಿಡಿಭಾಗಕ್ಕೆ ಮೊದಲೇ ದುಡ್ಡು ಸುರಿದಿರುತ್ತೀರಿ, ಮಾಲು ಹೋಗಿರುತ್ತದೆ, ಆಮೇಲೆ ಬಿಲ್ಲು ಹಿಡಿದು ಅಲೆದಾಟ. ಹಿಂದೆ ದೆವ್ವ ಓಡಿಸಲು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ದೊಡ್ಡವರ ಅಕೌಂಟ್ಸ್ ವಿಭಾಗದವರು ಅದನ್ನು ನಮಗಾಗಿ ಬರೆದಿಟ್ಟಿದ್ದಾರೆ. (ನನ್ನ ಬಾಕಿದಾರರ ಹೆಸರು ಬೇಡ, ಅವರೂ ಈ ಪತ್ರಿಕೆ ಓದುತ್ತಾರೆ.)

ಆದರೆ ಕಾನೂನು ನಮ್ಮ ಕಡೆಗಿದೆ. 2006ರ ಕಿರು, ಸಣ್ಣ ಉದ್ದಿಮೆಗಳ ಕಾಯ್ದೆ ಪ್ರಕಾರ ಕರಾರು ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರಿ ಕಚೇರಿಯೂ ಇದಕ್ಕೆ ಹೊರತಲ್ಲ. ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರಿ, ಅದಕ್ಕೆ ಕಾಸು ಖರ್ಚಿಲ್ಲ. ಆ ನಂಬರನ್ನೂ 45 ದಿನದ ಷರತ್ತನ್ನೂ ಬಿಲ್ ಪುಸ್ತಕದಲ್ಲೇ ಅಚ್ಚು ಹಾಕಿಸಿ, ಕೆಳಗಡೆ ಸಣ್ಣಕ್ಷರದಲ್ಲಿ ಅಲ್ಲ, ಮೇಲ್ಗಡೆ ದಪ್ಪಕ್ಷರದಲ್ಲಿ.