ಪುಸ್ತಕ ಮುಚ್ಚಿದ ಮೇಲಿನ ಪಾಠ

ಮರೆವು ಮನಸ್ಸಿನ ಸಹಜ ಗುಣ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅದನ್ನು ತಮ್ಮ ಮೇಲೆಯೇ ಪ್ರಯೋಗಿಸಿ ಅಳೆದರು. ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಕೆಲಕಾಲ ಬಿಟ್ಟು, ಅವನ್ನೇ ಮತ್ತೆ ಕಲಿಯುವಾಗ ಎಷ್ಟು ಸಮಯ ಉಳಿಯುತ್ತದೆಂದು ಲೆಕ್ಕ ಹಾಕಿದರು. 20 ನಿಮಿಷದ ಬಳಿಕ ಸುಮಾರು ಶೇ 58ರಷ್ಟು ಉಳಿತಾಯವಾಯಿತು. ಒಂದು ದಿನದ ಬಳಿಕ ಅದು ಶೇ 34ಕ್ಕೆ, ತಿಂಗಳ ಬಳಿಕ ಶೇ 21ಕ್ಕೆ ಇಳಿಯಿತು. ಮರೆವಿನ ಬಹುಪಾಲು ಮೊದಲ ದಿನದಲ್ಲೇ ಮುಗಿದಿರುತ್ತದೆ. ಅರ್ಥವುಳ್ಳ ಪಾಠ ಇಷ್ಟು ಬೇಗ ಮಾಸದಿದ್ದರೂ ಅದಕ್ಕೂ ಮರೆವು ತಪ್ಪಿದ್ದಲ್ಲ. ಆದ್ದರಿಂದ ನಿನ್ನೆಯ ಪಾಠ ಮರೆತ ಮಗುವನ್ನು ಸೋಮಾರಿ ಎಂದು ಗದರುವುದು ಅನ್ಯಾಯ.

ಮರೆವಿಗೆ ಮದ್ದೆಂದು ಸಾಮಾನ್ಯವಾಗಿ ಹೇಳುವುದು ‘ಇನ್ನೊಮ್ಮೆ ಓದು’ ಎಂದು. ಈ ಮದ್ದು ಎಷ್ಟು ನಾಟುತ್ತದೆ ಎಂಬುದನ್ನು ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ಬಳಿಕ ಓದಿದವರದೇ ಮೇಲುಗೈ: ಅವರಿಗೆ ಶೇ 83ರಷ್ಟು ನೆನಪಿತ್ತು, ಬರೆದವರಿಗೆ ಶೇ 71ರಷ್ಟು. ವಾರದ ಬಳಿಕ ಚಿತ್ರ ತಿರುಗಿತು. ಓದಿದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ತಮಗೇ ಹೆಚ್ಚು ನೆನಪಿರುತ್ತದೆ ಎಂಬ ಭರವಸೆ ಮಾತ್ರ ಓದಿದವರಲ್ಲೇ ಹೆಚ್ಚಾಗಿತ್ತು. ಕಣ್ಣಿಗೆ ಪಳಗಿದ ಪುಟ ತಲೆಗೂ ಹತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ತಡಕಾಡಿ ನೆನಪಿಸಿಕೊಳ್ಳುವುದು ಕಷ್ಟ. ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ.

ಕನ್ನಡದ ಮನೆಗಳಲ್ಲಿ ಸಂಜೆ ಮಗ್ಗಿ ಒಪ್ಪಿಸುವ ರೂಢಿಯಲ್ಲಿ ಇದೇ ತತ್ವವಿದೆ. ‘ಒಪ್ಪಿಸು’ ಎಂದರೆ ಪುಸ್ತಕ ನೋಡದೆ ಹೇಳು ಎಂದೇ ಅರ್ಥ. ಆದರೆ ತರಗತಿಯಲ್ಲಿ ಒಪ್ಪಿಸುವುದಕ್ಕೆ ಬೆತ್ತ ಅಥವಾ ಅಂಕದ ಭಯ ಅಂಟಿಕೊಂಡರೆ ಮಗುವಿನ ಗಮನ ಪಾಠವನ್ನು ಬಿಟ್ಟು ಶಿಕ್ಷೆಯತ್ತ ಹರಿಯುತ್ತದೆ. ಅರ್ಥ ತಿಳಿಯದೆ ಉರು ಹೊಡೆದದ್ದು ಪ್ರಶ್ನೆಯ ರೂಪ ಬದಲಾದೊಡನೆ ಕೈಕೊಡುತ್ತದೆ.

ಶಿಕ್ಷಕರು ಮಾಡಬೇಕಾದದ್ದು ಸರಳ. ಪಾಠದ ಆರಂಭದ ಐದು ನಿಮಿಷ ಪುಸ್ತಕ ಮುಚ್ಚಿಸಿ, ನಿನ್ನೆಯದರಿಂದ ಎರಡು, ಕಳೆದ ವಾರದ್ದರಿಂದ ಒಂದು ಪ್ರಶ್ನೆ ಕೇಳಬೇಕು. ಎಲ್ಲರೂ ಬರೆಯಬೇಕು, ಕೈ ಎತ್ತಿದವರಷ್ಟೇ ಉತ್ತರಿಸಿದರೆ ಉಳಿದವರಿಗೆ ಅಭ್ಯಾಸವಾಗದು. ಅಂಕ ಬೇಡ. ತಪ್ಪನ್ನು ಅಲ್ಲೇ ತಿದ್ದಬೇಕು, ಇಲ್ಲದಿದ್ದರೆ ತಪ್ಪೇ ನೆಲೆಯೂರುತ್ತದೆ. ‘ಏನು’ ಎಂಬುದರ ಜೊತೆಗೆ ‘ಏಕೆ’ ಎಂದೂ ಕೇಳಿದರೆ ಅರ್ಥವೂ ಗಟ್ಟಿಯಾಗುತ್ತದೆ.

ಕೆಲಸ ಕಲಿಸುವ ಹಿರಿಯರಿಗೂ ಇದೇ ದಾರಿ. ತೋರಿಸಿಕೊಟ್ಟು ‘ಗೊತ್ತಾಯಿತಾ?’ ಎಂದರೆ ಹೊಸಬರು ಸಂಕೋಚದಿಂದ ತಲೆಯಾಡಿಸುತ್ತಾರೆ. ಮರುದಿನ ಅವರಿಂದಲೇ ಹೇಳಿಸಿ, ಮಾಡಿಸಿ, ಎಡವಿದ ಕಡೆ ಮಾತ್ರ ಕೈಹಿಡಿಯಬೇಕು. ಪರೀಕ್ಷೆಯನ್ನು ವರ್ಷದ ಕೊನೆಯ ತೀರ್ಪಿಗಷ್ಟೇ ಮೀಸಲಿಟ್ಟ ಶಾಲೆಗಳು ಕಲಿಕೆಯ ಒಂದು ಬಲವಾದ ಸಾಧನವನ್ನು ಕೈಬಿಟ್ಟಿವೆ. ಅದನ್ನು ಮರಳಿ ಪಡೆಯಲು ಬೇಕಿರುವುದು ದಿನಕ್ಕೆ ಐದು ನಿಮಿಷ ಮತ್ತು ತಪ್ಪು ಉತ್ತರಕ್ಕೆ ಯಾರೂ ನಗದ ಒಂದು ತರಗತಿ.