ಕಣ್ಣಿನ ಕಸಿ: ಪಟ್ಟಿ ಬಿಚ್ಚಿದ ಮೇಲಿನ ಮಾತು

ಪ್ರತಿವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನೇತ್ರದಾನ ಪಾಕ್ಷಿಕ ನಡೆಯುತ್ತದೆ. ಜಾಥಾ ಹೊರಡುತ್ತದೆ, ಶಾಲಾ ಮಕ್ಕಳು ಫಲಕ ಹಿಡಿಯುತ್ತಾರೆ, ಎಷ್ಟು ಮಂದಿ ವಾಗ್ದಾನ ಪತ್ರಕ್ಕೆ ಸಹಿ ಹಾಕಿದರು ಎಂಬ ಲೆಕ್ಕ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಇದೆಲ್ಲ ಬೇಕಾದದ್ದೇ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ, 2021ರಲ್ಲಿ ಪುನೀತ್ ಅವರ ಕಣ್ಣುಗಳು ದಾನವಾದಾಗ ನಾಡಿನ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಈ ಮಾತು ಚರ್ಚೆಗೆ ಬಂತು. ಪುನೀತ್ ಅವರ ಕಣ್ಣುಗಳ ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ವರಿಗೆ ಕಸಿ ಮಾಡಿದರೆಂಬುದು ಇಂದು ಹಳ್ಳಿಯ ಮಕ್ಕಳಿಗೂ ಗೊತ್ತು. ಆದರೆ ದಾನ ಪಡೆದವರ ಕಣ್ಣು ಒಂದು ವರ್ಷದ ಮೇಲೆ, ಐದು ವರ್ಷದ ಮೇಲೆ ಹೇಗಿದೆ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿ ಫೋಟೋ ತೆಗೆದರೆ ಸುದ್ದಿ ಮುಗಿಯಿತು. ರೋಗಿಯ ಪಾಲಿಗೆ ಅದು ಅಂದು ಶುರುವಾಗುತ್ತದೆ.

ಕೈಗಡಿಯಾರದ ಮುಳ್ಳುಗಳ ಮೇಲೆ ಗಾಜು ಇರುವಂತೆ ಕಪ್ಪುಗುಡ್ಡೆಯ ಮುಂದೆ ಇರುವ ಪಾರದರ್ಶಕ ಪದರವೇ ಕಾರ್ನಿಯಾ. ಭತ್ತದ ಗರಿ ತಾಗಿ ಹುಣ್ಣಾದರೆ, ಸುಣ್ಣ ಸಿಡಿದರೆ, ಸೋಂಕು ತಗುಲಿದರೆ ಅದು ಬೆಳ್ಳಗಾಗುತ್ತದೆ. ಹಳ್ಳಿಯಲ್ಲಿ ಇದಕ್ಕೆ 'ಕಣ್ಣಿಗೆ ಹೂ ಬಿದ್ದಿದೆ' ಅನ್ನುತ್ತಾರೆ. ಆ ಭಾಗವನ್ನು ತೆಗೆದು ದಾನಿಯ ಪದರವನ್ನು ಕೂರಿಸುವುದು ಕಸಿ. ಇಡೀ ಕಣ್ಣನ್ನು ಯಾರೂ ಬದಲಾಯಿಸುವುದಿಲ್ಲ. ಜನ ಇದನ್ನು ಸುಟ್ಟುಹೋದ ಬಲ್ಬು ತೆಗೆದು ಹೊಸದು ಹಾಕಿದಂತೆ ಎಂದುಕೊಂಡಿದ್ದಾರೆ. ಆದರೆ ಕಸಿ ಎಂಬ ಪದ ನಮಗೆ ಬಂದಿರುವುದು ತೋಟದಿಂದ. ಮಾವಿನ ಕಸಿ ಕಟ್ಟಿದವರಿಗೆ ಗೊತ್ತು, ಕಟ್ಟಿದ ದಿನ ಯಾರೂ ಹಣ್ಣಿನ ಬುಟ್ಟಿ ತರುವುದಿಲ್ಲ.

ಪೂರ್ತಿ ದಪ್ಪದ ಕಸಿಯಲ್ಲಿ ಹೊಸ ಪದರವನ್ನು ತಲೆಗೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಸುತ್ತಲೂ ಹೊಲಿದಿರುತ್ತಾರೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲದ ಕಾರಣ ಗಾಯ ಬಹಳ ನಿಧಾನವಾಗಿ ಮಾಯುತ್ತದೆ. ಹೊಲಿಗೆಗಳು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಣ್ಣಿನಲ್ಲೇ ಇರುತ್ತವೆ. ಅಲ್ಲಿಯವರೆಗೆ ಕಣ್ಣಿನ ಮೇಲ್ಮೈ ಸಮನಾಗಿರುವುದಿಲ್ಲ. ಕಾಣುತ್ತದೆ, ಆದರೆ ಸೊಟ್ಟಗೆ, ಎರಡೆರಡಾಗಿ, ಮಂಜುಮಂಜಾಗಿ. ಎದುರಿನಿಂದ ಬರುವ ಬಸ್ಸಿನ ದೀಪ ಸೂರ್ಯನಷ್ಟು ದೊಡ್ಡದಾಗಿ ಕಣ್ಣಿಗೆ ರಾಚುತ್ತದೆ. ಒಂದೊಂದೇ ಹೊಲಿಗೆ ತೆಗೆದಂತೆ ಕನ್ನಡಕದ ಪವರ್ ಬದಲಾಗುತ್ತದೆ, ಹಾಗಾಗಿ ಮೊದಲ ತಿಂಗಳಲ್ಲೇ ದುಬಾರಿ ಕನ್ನಡಕಕ್ಕೆ ದುಡ್ಡು ಸುರಿಯಬೇಡಿ. ಕೊನೆಗೂ ಕೆಲವರಿಗೆ ಸಾಮಾನ್ಯ ಕನ್ನಡಕ ಸಾಲದೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಬೇಕಾಗುತ್ತದೆ.

ಇದನ್ನು ಮನೆಯವರಿಗೆ ಮೊದಲೇ ಹೇಳದಿದ್ದರೆ ಏನಾಗುತ್ತದೆಂಬುದನ್ನು ಕಣ್ಣಿನ ವಿಭಾಗದ ಹೊರಗಿನ ಬೆಂಚಿನ ಮೇಲೆ ಕೂತರೆ ಕೇಳಬಹುದು. "ಆಪರೇಷನ್ ಆಯ್ತಲ್ಲಮ್ಮ, ಇನ್ನೂ ಕಾಣಲ್ಲ ಅಂದ್ರೆ ಹೇಗೆ?" ಎಂದು ಅತ್ತೆ ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟತನವಿಲ್ಲ, ಅವರಿಗೆ ತಿಳಿದಿರುವುದು ಪೊರೆಯ ಆಪರೇಷನ್. ಅದಾದ ಕೆಲವೇ ದಿನಗಳಲ್ಲಿ ಅಜ್ಜ ಪೇಪರ್ ಓದಿದ್ದನ್ನು ಅವರು ನೋಡಿದ್ದಾರೆ. ಇತ್ತ ಸೊಸೆಗೆ ಕುದಿಯುವ ಸಾರನ್ನು ಬಟ್ಟಲಿಗೆ ಬಗ್ಗಿಸುವಾಗ ಬಟ್ಟಲ ಅಂಚು ಎಲ್ಲಿದೆಯೆಂದು ತಿಳಿಯುವುದಿಲ್ಲ, ಏಕೆಂದರೆ ಒಂದು ಕಣ್ಣಿನಿಂದ ದೂರ ಅಳೆಯುವುದು ಕಷ್ಟ. ಬೀದಿಯಲ್ಲಿ ಎದುರಾದ ನೆಂಟರ ಮುಖ ಗುರುತು ಸಿಗದೆ ಹಾಗೇ ಹೋದರೆ 'ಕಂಡೂ ಕಾಣದ ಹಾಗೆ ಹೋದಳು' ಎಂಬ ಮಾತು ಬೇರೆ. ಪೂರ್ತಿ ಕುರುಡರಿಗೆ ದಾರಿ ಬಿಡುವ ಸಮಾಜ ಅರೆಗಣ್ಣಿನವರನ್ನು ನಂಬುವುದೇ ಇಲ್ಲ.

ಕಸಿಯ ತೊಡಕುಗಳಲ್ಲಿ ಮುಖ್ಯವಾದದ್ದು ತಿರಸ್ಕಾರ. ದೇಹದ ರಕ್ಷಣಾ ವ್ಯವಸ್ಥೆ ಆ ಪದರವನ್ನು ಪರಕೀಯವೆಂದು ಗುರುತಿಸಿ ಅದರ ಮೇಲೆ ದಾಳಿ ಮಾಡುವುದು. ಕಾರ್ನಿಯಾದ ಒಳಗೋಡೆಯಲ್ಲಿ ನೀರನ್ನು ಹೊರಹಾಕುತ್ತ ಅದನ್ನು ತಿಳಿಯಾಗಿಡುವ ಜೀವಕೋಶಗಳಿವೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೆಚ್ಚಿನ ತಿರಸ್ಕಾರಗಳು ಮೊದಲ ಒಂದೆರಡು ವರ್ಷಗಳಲ್ಲಿ ಆಗುತ್ತವೆ. ಹತ್ತು ವರ್ಷದ ಮೇಲೂ ಆದದ್ದುಂಟು. ಕಣ್ಣು ಕೆಂಪಾಗುವುದು, ಬೆಳಕು ನೋಡಲಾಗದಿರುವುದು, ನಿನ್ನೆ ಕಂಡದ್ದು ಇಂದು ಮಸುಕಾಗುವುದು, ನೋವು: ಈ ನಾಲ್ಕರಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರ ಬಳಿ ಹೋಗಬೇಕು. ತಡಮಾಡದೆ ಗಂಟೆಗೊಮ್ಮೆ ಸ್ಟೀರಾಯ್ಡ್ ಹನಿ ಹಾಕಿ ಉಳಿಸಿಕೊಂಡ ಕಣ್ಣುಗಳು ಬಹಳ. 'ಹಬ್ಬ ಮುಗಿಯಲಿ', 'ಕುಯ್ಲು ಮುಗಿಯಲಿ' ಎಂದು ಕಾದು ಕಳೆದುಕೊಂಡವೂ ಇವೆ.

ಆ ಸ್ಟೀರಾಯ್ಡ್ ಹನಿಯ ಬಗ್ಗೆ ಎರಡು ಮಾತು. ಅದಿಲ್ಲದೆ ಕಸಿ ಉಳಿಯುವುದು ಕಷ್ಟ. ಆದರೆ ತಿಂಗಳುಗಟ್ಟಲೆ ಹಾಕಿದಾಗ ಕೆಲವರಲ್ಲಿ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗುತ್ತದೆ, ಪೊರೆಯೂ ಬರಬಹುದು. ಏರಿದ ಒತ್ತಡ ಹೆಚ್ಚಾಗಿ ನೋವು ಕೊಡದೆ, ಒಳಗಿನ ನರವನ್ನು ಸದ್ದಿಲ್ಲದೆ ತಿನ್ನುತ್ತದೆ. ಆ ನರ ಹೋದರೆ ಎಷ್ಟೇ ತಿಳಿಯಾದ ಕಾರ್ನಿಯಾ ಇದ್ದರೂ ಪ್ರಯೋಜನವಿಲ್ಲ. ಆದ್ದರಿಂದ 'ಚೆನ್ನಾಗಿದೆಯಲ್ಲ' ಎಂದು ಹನಿಯನ್ನು ತಾವಾಗಿ ನಿಲ್ಲಿಸುವುದೂ ತಪ್ಪು, ಒತ್ತಡ ನೋಡಿಸದೆ ಅದೇ ಚೀಟಿಯಲ್ಲಿ ಅಂಗಡಿಯಿಂದ ತಂದು ಹಾಕುತ್ತಲೇ ಇರುವುದೂ ತಪ್ಪು. ಉಳಿದ ಬಾಟಲಿಯನ್ನು ಪಕ್ಕದ ಮನೆಯ ಹುಡುಗನ ಕೆಂಗಣ್ಣಿಗೆ ಧಾರಾಳವಾಗಿ ಹಾಕುವ ಉಪಕಾರಿಗಳಿದ್ದಾರೆ. ದಯವಿಟ್ಟು ಬೇಡ. ಸೋಂಕಿನ ಕಣ್ಣಿಗೆ ಬಿದ್ದರೆ ಅದೇ ಹನಿ ಇನ್ನೊಂದು ಹೂವಿಗೆ ದಾರಿ ಮಾಡಬಹುದು.

ಹೊಲಿಗೆ ಸಡಿಲವಾದರೆ ಕಣ್ಣಲ್ಲಿ ಮರಳು ಸಿಕ್ಕಂತಾಗುತ್ತದೆ. ಜನ ಉಜ್ಜಿಕೊಳ್ಳುತ್ತಾರೆ, ಇಲ್ಲವೇ ಯಾವುದಾದರೂ ಸೊಪ್ಪಿನ ರಸ ಬಿಡುತ್ತಾರೆ. ಅಲ್ಲಿಂದ ಸೋಂಕು ಒಳಹೊಕ್ಕರೆ ಕೆಲವೇ ದಿನಗಳಲ್ಲಿ ಕಸಿ ಹಾಳಾಗಬಹುದು. ಇನ್ನು, ಹೊಲಿದ ಜಾಗ ಎಂದಿಗೂ ಮೊದಲಿನ ಬಲಕ್ಕೆ ಬರುವುದಿಲ್ಲ. ವರ್ಷಗಳ ಮೇಲೆ ಮಗುವಿನ ಮೊಣಕೈ, ದನದ ಕೊಂಬು, ಕ್ರಿಕೆಟ್ ಚೆಂಡು ತಾಗಿ ಬಾಯಿಬಿಟ್ಟ ಕಣ್ಣುಗಳಿವೆ. ಪವರ್ ಇರಲಿ ಬಿಡಲಿ, ಹೊರಗೆ ಹೋಗುವಾಗ, ಕೊಟ್ಟಿಗೆಯಲ್ಲಿ ಕೆಲಸ ಮಾಡುವಾಗ ಗಟ್ಟಿ ಪ್ಲಾಸ್ಟಿಕ್ಕಿನ ಕನ್ನಡಕ ಇರಲೇಬೇಕು.

ಮನುಷ್ಯರಲ್ಲಿ ಮೊದಲ ಯಶಸ್ವಿ ಕಾರ್ನಿಯಾ ಕಸಿ ನಡೆದದ್ದು 1905ರ ಡಿಸೆಂಬರ್ 7ರಂದು, ಇಂದಿನ ಚೆಕ್ ದೇಶದ ಓಲೊಮೌಟ್ಸ್ ಊರಿನಲ್ಲಿ. ಎಡುವರ್ಡ್ ಸಿರ್ಮ್ ಎಂಬ ವೈದ್ಯರು ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಒಬ್ಬ ಕೂಲಿಯಾಳಿನ ಎರಡೂ ಕಣ್ಣಿಗೆ ಕಸಿ ಮಾಡಿದರು. ಒಂದು ಕೆಟ್ಟಿತು, ಒಂದು ಉಳಿಯಿತು. ಈಗ ನಮ್ಮ ದೇಶದ ಲೆಕ್ಕ ನೋಡಿ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ತಮ್ಮಲ್ಲಿ ನಡೆದ ಸಾವಿರಕ್ಕೂ ಹೆಚ್ಚು ಕಸಿಗಳ ಫಲಿತಾಂಶವನ್ನು 1997ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಕೊನೆಗೆ ನೂರಕ್ಕೆ ಸುಮಾರು 80 ಕಸಿಗಳು ತಿಳಿಯಾಗಿದ್ದವು; ಐದು ವರ್ಷದ ಹೊತ್ತಿಗೆ ಅರ್ಧಕ್ಕಿಂತ ತುಸು ಕಡಿಮೆ ಉಳಿದವು. ಕಹಿಯಾದ ಲೆಕ್ಕವನ್ನು ಮುಚ್ಚಿಡದೆ ಹೇಳಿದ್ದು ಅವರ ದೊಡ್ಡತನ. ಆಮೇಲೆ ಕೆಟ್ಟ ಪದರವನ್ನಷ್ಟೇ ಬದಲಾಯಿಸುವ ವಿಧಾನಗಳು ಬಂದಿವೆ. ಒಳಪದರವನ್ನು ಮಾತ್ರ ಕಸಿ ಮಾಡಿದಾಗ ಹೊಲಿಗೆ ಕಡಿಮೆ, ತಿರಸ್ಕಾರವೂ ಕಡಿಮೆ. ಆದರೆ ಹುಣ್ಣಾಗಿ ಪೂರ್ತಿ ಬೆಳ್ಳಗಾದ ಕಣ್ಣಿಗೆ, ಅಂದರೆ ಗದ್ದೆಯಲ್ಲಿ ಗಾಯವಾದವರ ಕಣ್ಣಿಗೆ, ಹೆಚ್ಚಾಗಿ ಇಂದಿಗೂ ಪೂರ್ತಿ ದಪ್ಪದ ಕಸಿಯೇ ಗತಿ.

ಆದ್ದರಿಂದ ನನ್ನ ವಾದ ಇಷ್ಟೇ. ಎಷ್ಟು ಕಸಿ ಮಾಡಿದಿರಿ ಎಂದು ಆಸ್ಪತ್ರೆಗಳನ್ನು ಕೇಳುವ ನಾವು, ಐದು ವರ್ಷದ ಹಿಂದಿನವು ಎಷ್ಟು ತಿಳಿಯಾಗಿ ಉಳಿದಿವೆ ಎಂದೂ ಕೇಳಬೇಕು. ದಾನಿಯ ಮನೆಯವರು ದುಃಖದ ನಡುವೆ, ಆರು ಗಂಟೆಯೊಳಗೆ ಮನಸ್ಸು ಗಟ್ಟಿಮಾಡಿಕೊಂಡು ಕೊಟ್ಟ ಕಣ್ಣು ಅದು. ರಾಯಚೂರಿನ ಕಡೆಯ ಕೂಲಿಕಾರ್ಮಿಕ ಒಂದು ಹೊಲಿಗೆ ತೋರಿಸಲು ಬೆಂಗಳೂರಿಗೆ ಬರಬೇಕೆಂದರೆ ಜೊತೆಗೊಬ್ಬರು, ಇಬ್ಬರ ಬಸ್ ಚಾರ್ಜು, ಎರಡು ದಿನದ ಕೂಲಿ. ಮೂರನೆಯ ಸಲ ಅವನು ಬರುವುದಿಲ್ಲ. ಇದನ್ನು ರೋಗಿಯ ಅಸಡ್ಡೆ ಎಂದು ಬರೆದಿಡುವುದು ಅನ್ಯಾಯ. ಸಡಿಲ ಹೊಲಿಗೆ ತೆಗೆಯುವುದು, ಒತ್ತಡ ಅಳೆಯುವುದು, ತಿರಸ್ಕಾರವನ್ನು ಗುರುತಿಸಿ ಹನಿ ಶುರುಮಾಡುವುದು ಜಿಲ್ಲಾ ಆಸ್ಪತ್ರೆಯ ನೇತ್ರವೈದ್ಯರು ಮಾಡಬಹುದಾದ ಕೆಲಸ. ತಮಿಳುನಾಡಿನಲ್ಲಿ ಅರವಿಂದ ಆಸ್ಪತ್ರೆಯವರ ಹಳ್ಳಿಯ ದೃಷ್ಟಿ ಕೇಂದ್ರಗಳಲ್ಲಿ ತರಬೇತಾದ ಸಿಬ್ಬಂದಿ ಕಣ್ಣು ಪರೀಕ್ಷಿಸಿ, ದೂರದ ವೈದ್ಯರೊಡನೆ ರೋಗಿಯನ್ನು ಮಾತಾಡಿಸುತ್ತಾರೆ. ನಮ್ಮಲ್ಲಿ ಕಸಿಯಾದವರಿಗೆ ಇಂಥ ಏರ್ಪಾಡು ಮೊದಲು ಆಗಬೇಕು. ಉಚಿತವಾಗಿ ಕಸಿ ಮಾಡಿದವರಿಗೆ ಮೊದಲ ಎರಡು ವರ್ಷದ ಹನಿಗಳೂ ಉಚಿತವಾಗಿ ಸಿಗಲಿ. ಬಿಡುಗಡೆ ಚೀಟಿ ಕನ್ನಡದಲ್ಲಿರಲಿ, ಆ ನಾಲ್ಕು ಲಕ್ಷಣಗಳು ದಪ್ಪ ಅಕ್ಷರದಲ್ಲಿರಲಿ. ಓದಬೇಕಾದವನು ಅರೆಗಣ್ಣಿನವನು ಎಂಬುದು ಮುದ್ರಿಸುವವರಿಗೆ ನೆನಪಿರಲಿ.

ಅಂಗವಿಕಲರ 2016ರ ಕಾಯ್ದೆಯಲ್ಲಿ ಮಂದದೃಷ್ಟಿಗೂ ಸ್ಥಾನವಿದೆ. ಮುಖ್ಯ ಸೌಲಭ್ಯಗಳಿಗೆ ಶೇಕಡಾ 40ರ ಗೆರೆ ದಾಟಬೇಕು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ದಾಟುವುದಿಲ್ಲ. ಎರಡೂ ಕಣ್ಣು ಮಂದವಾಗಿದ್ದವರು ಮಾತ್ರ 'ಇನ್ನೊಂದು ಆಪರೇಷನ್ ಆಗಲಿ, ಆಮೇಲೆ ನೋಡೋಣ' ಎಂದು ವರ್ಷಗಟ್ಟಲೆ ಮುಂದೂಡದೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಒಳ್ಳೆಯದು.

ಕಸಿ ಕೆಟ್ಟರೆ ಮತ್ತೆ ಮಾಡಬಹುದು, ಆದರೆ ಪ್ರತಿಸಲವೂ ಉಳಿಯುವ ಸಾಧ್ಯತೆ ಇಳಿಯುತ್ತ ಹೋಗುತ್ತದೆ. ಒಂದು ಹಂತದಲ್ಲಿ 'ಇನ್ನು ಬೇಡ' ಎನ್ನುವ ವೈದ್ಯರ ಮಾತನ್ನು ಕೈಬಿಟ್ಟರೆಂದು ತಿಳಿಯಬಾರದು. ಉಳಿದ ದೃಷ್ಟಿಯಲ್ಲಿ ಬದುಕುವ ಉಪಾಯಗಳನ್ನು ಕಲಿಸುವ ಮಂದದೃಷ್ಟಿ ವಿಭಾಗಗಳು ದೊಡ್ಡ ಕಣ್ಣಾಸ್ಪತ್ರೆಗಳಲ್ಲಿವೆ. ಅಲ್ಲಿಗೆ ಕಳಿಸಿಕೊಡಿ ಎಂದು ನೀವೇ ಕೇಳಿ. ಭೂತಗನ್ನಡಿ, ಅಂಚಿರುವ ಟೋಪಿ, ಕನ್ನಡ ಓದಿ ಹೇಳುವ ಮೊಬೈಲ್ ಫೋನು ಎಲ್ಲಕ್ಕೂ ಉಪಯೋಗವಿದೆ. ಮನೆಯಲ್ಲಿ ಖರ್ಚಿಲ್ಲದೆ ಮಾಡುವಂಥವೂ ಇವೆ. ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿಯಿರಿ. ದೀಪ ಕಣ್ಣೆದುರಿಗಿಲ್ಲದೆ ಬೆನ್ನ ಹಿಂದಿರಲಿ. ವಸ್ತುಗಳನ್ನು ಎತ್ತಿದಲ್ಲೇ ಇಡಿ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಎಲ್ಲಿದೆಯೆಂದು ತಿಳಿಯದೆ ತಡವುವವರಿಗೆ ಬಾಳೆಲೆಯ ಮೇಲೆ ಬಡಿಸಿ ನೋಡಿ. ಹಸಿರಿನ ಮೇಲೆ ಬಿಳಿ ಎದ್ದು ಕಾಣುತ್ತದೆ, ಬೇರೆಯವರು ಕೈಹಿಡಿದು ತೋರಿಸಬೇಕಾಗುವುದಿಲ್ಲ.